ಶರಣಮ್ಮ ಎತ್ತಿದ ಭಂಡಾರ

ಶರಣಮ್ಮನಿಗೆ ಲಂಡನ್ನಿನಲ್ಲಿ ಒಬ್ಬ ಮಗಳಿದ್ದಾಳೆಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ಪುಣೆಯ ಭೋಸರಿ ಕೈಗಾರಿಕಾ ವಸಾಹತಿನಲ್ಲಿ, ನಮ್ಮ ಕಾರ್ಖಾನೆಯ ಗೇಟಿನೆದುರಿನ ಚಹದಂಗಡಿಯಲ್ಲಿ, ಎಣ್ಣೆ ಹತ್ತಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ದಿನಾ ಬಂದು ನನ್ನ ಪೇಪರಿನ ಮುಂದೆ ನಿಂತು, "ಬ್ರಿಟನ್ನಿನಾಗ ಇವತ್ತ ಏನಾತ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದಳು. ಅಲ್ಲಿಯ ಪ್ರಧಾನಿ ರಾಜೀನಾಮೆ ಕೊಟ್ಟ ಸುದ್ದಿ ಬಂದ ದಿನವಂತೂ ಆಕೆಯ ಮುಖ ಬಾಡಿಹೋಯಿತು. ಮಗಳ ನೌಕರಿಗೆ ಏನೂ ಆಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅಷ್ಟಕ್ಕೇ ಬಿಡದೆ, ಶೇಂಗಾ ಚಟ್ನಿಯನ್ನು ವಿಮಾನದಲ್ಲಿ ಕಳಿಸುವಾಗ ಹೇಗೆ ಕಟ್ಟಬೇಕು ಎಂಬುದನ್ನೂ ವಿವರಿಸಿದೆ. ನಾನು ವಿಮಾನ ಹತ್ತಿದವನಲ್ಲ, ಆದರೆ ಉಪದೇಶಕ್ಕೆ ಟಿಕೇಟು ಬೇಡ.

ಶರಣಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನನಗ ಮಕ್ಕಳೇ ಇಲ್ರಿ," ಎಂದಳು. "ಕರಾರು ಆತೋ ಇಲ್ಲೋ, ಅಷ್ಟ ಹೇಳ್ರಿ."

ಆಕೆ ಕೇಳುತ್ತಿದ್ದ ಕರಾರು ಬ್ರಿಟನ್ನಿಗೂ ನಮ್ಮ ದೇಶಕ್ಕೂ ಆಗಬೇಕಿದ್ದ ವ್ಯಾಪಾರ ಒಪ್ಪಂದ. ಯುರೋಪಿನ ಒಟ್ಟು ಕುಟುಂಬದಿಂದ ಬೇರೆಯಾಗಿ ಹೊರಬಿದ್ದ ಬ್ರಿಟನ್, ಹೊಸ ನೆಂಟಸ್ತನ ಹುಡುಕುತ್ತ ನಮ್ಮ ಬಾಗಿಲಿಗೂ ಬಂದಿತ್ತು. ದೀಪಾವಳಿಯೊಳಗೆ ಸಹಿ ಬೀಳುತ್ತದೆ ಎಂದು ದೊಡ್ಡವರ ಮಾತು ಪೇಪರಿನಲ್ಲಿ ಬಂದಿತ್ತು. ಯಾವ ವರ್ಷದ ದೀಪಾವಳಿ ಎಂದು ಆಗ ಯಾರಿಗೂ ಕೇಳಬೇಕೆನಿಸಲಿಲ್ಲ. ಇದರಲ್ಲಿ ಶರಣಮ್ಮನದೇನು ಎಂಬುದು ನನಗೆ ಚೂರುಚೂರಾಗಿ, ಚಹಾ ಆರುವಷ್ಟರೊಳಗೆ ಆಕೆ ಹೇಳಿದಷ್ಟಷ್ಟೇ ತಿಳಿಯುತ್ತ ಬಂತು.

ಆಕೆಯದು ಯಾದಗಿರಿಯ ಕಡೆಯ ಹಳ್ಳಿ. ಗಂಡ ಕಾಶಪ್ಪನ ಜೊತೆ ಪುಣೆಗೆ ಬಂದಾಗ ಖರಾಡಿಯಲ್ಲಿ ಕಟ್ಟಡಗಳು ಏಳುತ್ತಿದ್ದವು. ಇಬ್ಬರೂ ಅಲ್ಲಿ ಉಸುಕು ಹೊತ್ತರು. ಕಟ್ಟಡ ಎದ್ದು ಗಾಜು ಹಾಕಿಸಿಕೊಂಡು ಒಳಗೆ ಕಂಪ್ಯೂಟರಿನವರು ಬಂದ ಮೇಲೆ ಕಾಶಪ್ಪ ಅದೇ ಕಟ್ಟಡಕ್ಕೆ ವಾಚಮನ್ ಆದ, ಶರಣಮ್ಮ ಭೋಸರಿಗೆ ಬಂದು ಬಾಳಕೃಷ್ಣ ಸೇಠರ ಶೆಡ್ಡಿನಲ್ಲಿ ಪ್ಯಾಕಿಂಗಿಗೆ ಸೇರಿದಳು. ಅಲ್ಲಿ ಪೈಪು ಹಿಡಿಯುವ ಕಬ್ಬಿಣದ ಕ್ಲ್ಯಾಂಪುಗಳು ತಯಾರಾಗುತ್ತಿದ್ದವು. ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ, ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುವುದು ಹೆಂಗಸರ ಕೆಲಸ. ಸಮುದ್ರದ ಮೇಲೆ ಹೋಗುವ ಮಾಲು. ಸುತ್ತುವುದರಲ್ಲಿ ಸ್ವಲ್ಪ ಸಡಿಲಾದರೂ ಬ್ರಿಟನ್ ಮುಟ್ಟುವುದರೊಳಗೆ ತುಕ್ಕು ಹಿಡಿಯುತ್ತದೆ. ಪ್ಯಾಕಿಂಗಿನ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದವಳು ಶರಣಮ್ಮನೇ. ಎಲ್ಲ ಅವಳ ಗಲ್ಲಿಯವರು, ಅವಳ ಕಡೆಯವರು. ಅವರಲ್ಲಿ ಚಂದಮ್ಮ ಪಕ್ಕದ ಮನೆಯವಳು, ಖರಾಡಿಯಲ್ಲಿ ಜೊತೆಗೆ ಉಸುಕು ಹೊತ್ತವಳು. ನಡುವೆ ಒಂದು ತಗಡಿನ ಗೋಡೆ. ಇವಳು ಆಕಳಿಸಿದರೆ ಅವಳಿಗೂ ಆಕಳಿಕೆ ಬರಬೇಕು, ಅಷ್ಟು ಹತ್ತಿರ.

ಇನ್ನು ಬಾಳಕೃಷ್ಣ ಸೇಠ್. ಇಂದಾಪುರದ ಕಡೆಯವರು, ತಾಯಿ ಸೋಲಾಪುರದ ಕನ್ನಡದವರು. ಹೀಗಾಗಿ ಬೈಯುವುದು ಮರಾಠಿಯಲ್ಲಿ, ಪುಸಲಾಯಿಸುವುದು ಕನ್ನಡದಲ್ಲಿ. ಬ್ರಿಟನ್ನಿನ ಗಿರಾಕಿಯೊಬ್ಬ ಒಮ್ಮೆ ಶೆಡ್ಡಿಗೆ ಬಂದು ಬೆನ್ನು ತಟ್ಟಿ ಹೋದಾಗಿನಿಂದ ಅವರ ಆಫೀಸಿನ ಗೋಡೆಯ ಮೇಲೆ ಎರಡು ಗಡಿಯಾರ. ಒಂದು ಭೋಸರಿಯದು, ಒಂದು ಲಂಡನ್ನಿನದು. ಊಟದ ಡಬ್ಬಿ ತೆಗೆಯುವ ಮೊದಲು ಅವರು ಎರಡನೆಯದನ್ನು ನೋಡಿ, "ಪಾಪ, ಅಲ್ಲಿ ಈಗಿನ್ನೂ ಏಳ್ತಿರ್ತಾರ," ಎನ್ನುತ್ತಿದ್ದರು. ಲಂಡನ್ನಿಗೆ ನಿದ್ದೆ ಸಾಕಾಗುತ್ತಿದೆಯೋ ಇಲ್ಲವೋ ಎಂಬ ಚಿಂತೆ ಇಡೀ ವಸಾಹತಿನಲ್ಲಿ ಅವರೊಬ್ಬರಿಗೇ ಇತ್ತು.

ದೀಪಾವಳಿಗೆ ಸಹಿ ಎಂದಿದ್ದ ಆ ವರ್ಷ ದಸರೆಯ ಹೊತ್ತಿಗೆ ರಾಂಜಣಗಾಂವದ ಹೊಸ ಕಾರ್ಖಾನೆಯೊಂದು ಪ್ಯಾಕಿಂಗಿನ ಹೆಂಗಸರನ್ನು ಹುಡುಕುತ್ತ ಶರಣಮ್ಮನ ಗಲ್ಲಿಗೇ ಬಂತು. ಮನೆಬಾಗಿಲಿಗೆ ಗಾಡಿ, ನೌಕರಿ ಪರ್ಮನಂಟ್, ಬಂದರೆ ಎಲ್ಲರೂ ಒಟ್ಟಿಗೆ ಬರ್ರಿ ಎಂದಿದ್ದರು. ಹೆಂಗಸರು ಹೊರಟೇಬಿಟ್ಟಿದ್ದರು. ಸೇಠರು ಲೆಕ್ಕ ಹಾಕಿದರು. ಕರಾರು ಆದರೆ ಸುಂಕ ಇಳಿಯುತ್ತದೆ, ದೊಡ್ಡ ಆರ್ಡರು ಬರುತ್ತದೆ. ಆಗ ತುಕ್ಕು ಹಿಡಿಯದಂತೆ ಸುತ್ತುವ ಕೈಗಳನ್ನು ಎಲ್ಲಿಂದ ತರುವುದು?

ಖಂಡೆ ನವಮಿಯ ದಿನ ಮಷಿನ್ನುಗಳಿಗೆ ಪೂಜೆಯಾಯಿತು. ಖಂಡೋಬನ ಫೋಟೋದ ಮುಂದೆ ತಾಟಿನಲ್ಲಿ ಭಂಡಾರವಿತ್ತು. ಭಂಡಾರವೆಂದರೆ ದೇವರ ಅರಿಷಿಣ. ಇಲ್ಲಿ ಜೇಜುರಿಯ ಖಂಡೋಬ, ಯಾದಗಿರಿ ಕಡೆ ಮೈಲಾಪುರದ ಮಲ್ಲಯ್ಯ, ದೇವರು ಒಬ್ಬನೇ. ಆ ಅರಿಷಿಣವನ್ನು ಅಂಗೈಯಲ್ಲಿ ಎತ್ತಿ ಆಡಿದ ಮಾತಿಗೆ ಈ ಜನರಲ್ಲಿ ಸ್ಟಾಂಪು, ಸಾಕ್ಷಿ ಏನೂ ಬೇಡ. ಎತ್ತಿದವರು ತಪ್ಪುವುದಿಲ್ಲ, ತಪ್ಪುವವರು ಎತ್ತುವುದಿಲ್ಲ. ಸೇಠ್ ಎಲ್ಲರೆದುರು ಎತ್ತಿದರು. ದೀಪಾವಳಿಗೆ ಕರಾರು ಆಗುತ್ತದೆ, ಆದ ಮೇಲೆ ನೀವೆಲ್ಲ ಇಲ್ಲೇ ಪರ್ಮನಂಟ್, ಅಲ್ಲಿಯವರೆಗೆ ನಿಮ್ಮಲ್ಲಿ ಒಬ್ಬರನ್ನೂ ಬಿಡಿಸುವುದಿಲ್ಲ ಎಂದರು.

ಹೆಂಗಸರು ಮುಖಮುಖ ನೋಡಿಕೊಂಡರು. ಚಂದಮ್ಮ ಮಾತ್ರ ಅಳುಕಲಿಲ್ಲ. "ಸೇಠ್ ಎತ್ತಿದ್ರು, ಖರೆ. ಅವ್ರಿಗಿ ಶೆಡ್ ಅದ, ಊರಾಗ ಕಬ್ಬ ಅದ. ನಾಳಿಗಿ ಏನರ ಆದ್ರ ನಮಗ ಯಾರದಾರ?"

"ನಾ ಅದೀನಿ," ಎಂದಳು ಶರಣಮ್ಮ. ತಾಟಿಗೆ ಕೈ ಹಾಕಿ ತಾನೂ ಎತ್ತಿದಳು. "ಸೇಠ್ ತಪ್ಪಿದ್ರ ನಾ ತಪ್ಪಿದಂಗ."

ರಾಂಜಣಗಾಂವದ ಗಾಡಿ ಮುಂದಿನ ಗಲ್ಲಿಗೆ ಹೋಯಿತು.

ದೀಪಾವಳಿ ಬಂತು, ಹಣತೆ ಹಚ್ಚಿದರು, ಆರಿಸಿದರು, ಕರಾರು ಬರಲಿಲ್ಲ. ಲಂಡನ್ನಿನಲ್ಲಿ ಒಬ್ಬ ಪ್ರಧಾನಿ ಹೋಗಿ ಇನ್ನೊಬ್ಬರು ಬಂದು, ಅವರೂ ಹೋದರು. ಮಾತುಕತೆಯ ಸುತ್ತುಗಳು ಮಾತ್ರ ಗರಡಿಯ ಸಾಮಿನಂತೆ ನಡೆದೇ ಇದ್ದವು. ಪ್ರತಿ ಸುತ್ತಿನ ಕೊನೆಗೂ ಪೇಪರಿನಲ್ಲಿ ಅದೇ ಸುದ್ದಿ: ಒಳ್ಳೆಯ ಪ್ರಗತಿ, ಕೆಲವು ವಿಷಯ ಬಾಕಿ. ಮತ್ತೊಂದು ದೀಪಾವಳಿಯೂ ಹೋಯಿತು. ನಮ್ಮ ಚಹದಂಗಡಿಯಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರೆಲ್ಲ ಬ್ರಿಟನ್ನನ್ನು ಬೈಯುವುದಕ್ಕೆ ಸೇರುತ್ತಿದ್ದರು. ವಿಸ್ಕಿ ಅಗ್ಗ ಮಾಡಬೇಕಂತೆ, ಕಾರು ಬಿಡಬೇಕಂತೆ, ನಮ್ಮವರಿಗೆ ಮಾತ್ರ ವೀಸಾ ಕೊಡುವುದಿಲ್ಲವಂತೆ. ಬಾಳಕೃಷ್ಣ ಸೇಠರು, "ಇನ್ನ ಭಾಳ ಸಡಿಲ ಬಿಡೂದಿಲ್ಲ ನಾನು," ಎಂದು ಕಪ್ಪು-ಬಸಿಗಳನ್ನು ಸದ್ದಾಗುವಂತೆ ಇಡುತ್ತಿದ್ದರು. ಲಂಡನ್ನಿಗೆ ಆ ಸದ್ದು ಕೇಳಿಸಿರಲಾರದು.

ಕಡೆಗೆ ಮಾಲೀಕರೆಲ್ಲ ಸಭೆ ಕರೆದು, ವಿಳಂಬವನ್ನು ಉಗ್ರವಾಗಿ ಖಂಡಿಸಿ ಒಂದು ಠರಾವು ಮಾಡಿದರು. ಅದು ಟೈಪಾಗಿ ಬರುವುದರೊಳಗೆ ಅಲ್ಲಿಯ ಮಂತ್ರಿ ಬದಲಾಗಿದ್ದ. ಯಾರ ಹೆಸರಿಗೆ ಕಳಿಸುವುದೆಂದು ಇನ್ನೊಂದು ಸಭೆ ಕರೆದರು. ಠರಾವಿನ ಇಂಗ್ಲಿಷ್ ತಿದ್ದಿದವನು ನಾನು. ಬ್ರಿಟನ್ನಿಗೆ ಅದು ಅರ್ಥವಾಗದೆ ಹೋಗಿದ್ದರೆ ಅದರಲ್ಲಿ ನನ್ನ ಸೇವೆಯೂ ಇದೆ.

ಶೆಡ್ಡಿನಲ್ಲಿ ಮಾಲು ಕಡಿಮೆಯಾಗಿತ್ತು. ವಾರದಲ್ಲಿ ಅರ್ಧ ದಿನ ಹೆಂಗಸರು ಬರಿಗೈಯಲ್ಲಿ ಕೂತಿರುತ್ತಿದ್ದರು. ಬೇರೆ ಕಡೆಯ ಕೆಲಸದ ಮಾತು ಬಂದಾಗಲೆಲ್ಲ ಅವರು ಶರಣಮ್ಮನ ಮುಖ ನೋಡುತ್ತಿದ್ದರು, ಶರಣಮ್ಮ ಚಹದಂಗಡಿಗೆ ಬಂದು ನನ್ನ ಮುಖ ನೋಡುತ್ತಿದ್ದಳು. ನಾನು ಸುಂಕ, ಕೋಟಾ, ಸೇವಾವಲಯ ಎಂದು ಉದ್ದಕ್ಕೆ ಹೇಳುತ್ತಿದ್ದೆ. ಆಕೆ ತಿರುಗಿ ಹೋಗಿ ಅದನ್ನೆಲ್ಲ "ಇನ್ನಾ ಇಲ್ಲ" ಎಂಬ ಎರಡು ಮಾತಿಗೆ ಇಳಿಸುತ್ತಿದ್ದಳಂತೆ. ನನ್ನ ಭಾಷಣಗಳಿಗೆ ಅಷ್ಟು ಒಳ್ಳೆಯ ಸಂಪಾದಕರು ಮತ್ತೆ ಸಿಕ್ಕಿಲ್ಲ. "ದಿನ ತುಂಬಿ ಎಷ್ಟೋ ದಿನ ಆತು," ಎಂದು ಚಂದಮ್ಮ ಕಾಡುತ್ತಿದ್ದಳು, "ನಿನ್ನ ಕರಾರು ಇನ್ನಾ ಹಡೀವಲ್ದಲ್ಲ ಯವ್ವಾ." ನಗುತ್ತಲೇ ಅನ್ನುತ್ತಿದ್ದಳು. ಕಾಡಿದರೂ ಬಿಟ್ಟು ಹೋಗಲಿಲ್ಲ, ಅವಳೂ ಇಲ್ಲ, ಬೇರೆ ಯಾರೂ ಇಲ್ಲ. ಭಂಡಾರ ಎತ್ತಿಯಾಗಿತ್ತು.

ಆಮೇಲೆ ಒಂದು ಸೋಮವತಿ ಅಮಾವಾಸ್ಯೆ ಬಂತು. ಸೋಮವಾರದ ಅಮಾವಾಸ್ಯೆಗೆ ಜೇಜುರಿಯಲ್ಲಿ ಖಂಡೋಬನ ಪಾಲಕಿ ಹೊರಡುತ್ತದೆ. ಈ ಸಲ ಹೆಂಗಸರು ರಜೆ ಕೇಳುವ ಮೊದಲೇ ಸೇಠರು ತಾವಾಗಿ ಕೊಟ್ಟರು. ಟೆಂಪೋ ಮಾಡಿಸಿಕೊಟ್ಟರು. ತಮ್ಮ ಹೆಸರಿನಲ್ಲೂ ಒಂದು ಕಾಯಿ ಒಡೆಸಿರೆಂದು ಶರಣಮ್ಮನ ಕೈಗೆ ತೆಂಗಿನಕಾಯಿ ಇಟ್ಟರು. ಹೆಂಗಸರು ಹಾಡುತ್ತ ಹೋದರು. ಬೆಟ್ಟ ಹತ್ತಿದರು, ಅರಿಷಿಣ ತೂರಿದರು, ಸೇಠರ ಕಾಯಿ ಒಡೆದರು. ಕರಾರು ಬೇಗ ಆಗಲೆಂದು ಶರಣಮ್ಮ ಬೇಡಿಕೊಂಡಳು. ಬ್ರಿಟನ್ನಿನ ಹೆಸರು ಆ ದೇವರ ಕಿವಿಗೆ ಭಕ್ತಿಯಿಂದ ಬಿದ್ದದ್ದು ಅದೇ ಮೊದಲಿರಬೇಕು.

ಮರುದಿನ ಅವರು ಶೆಡ್ಡಿಗೆ ಬಂದಾಗ ಗೇಟಿನಲ್ಲಿ ಹೊಸ ವಾಚಮನ್. ಒಳಗೆ ಪ್ಯಾಕಿಂಗಿನ ಟೇಬಲ್ಲುಗಳಿರಲಿಲ್ಲ, ಮಷಿನ್ನುಗಳಿರಲಿಲ್ಲ. ಯಾವುದೋ ಪಾರ್ಸೆಲ್ ಕಂಪನಿಯವರು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಶೆಡ್ಡನ್ನು ಬಾಡಿಗೆಗೆ ಕೊಡುವ ಮಾತು ಎಷ್ಟೋ ಮೊದಲೇ ಮುಗಿದಿತ್ತು. ಖಾಲಿ ಮಾಡಲು ಒಂದು ದಿನ ಬೇಕಾಗಿತ್ತು, ಆ ದಿನ ಇವರು ಎದುರಿಗೆ ಇರಬಾರದಿತ್ತು. ಅದಕ್ಕೇ ಇವರನ್ನು, ಯಾವ ದೇವರ ಭಂಡಾರ ಎತ್ತಿದ್ದರೋ ಅದೇ ದೇವರ ಬಳಿಗೆ, ಕಾಯಿ ಕೊಟ್ಟು ಕಳಿಸಿದ್ದರು.

ಗೋಡೆಗಳಿಗೆ ಸುಣ್ಣವಾಗುತ್ತಿದ್ದರೂ ಆಫೀಸಿನ ಕೋಣೆ ಇನ್ನೂ ಸೇಠರ ಕೈಯಲ್ಲಿತ್ತು. ಅವರು ಅಡಗಲಿಲ್ಲ, ಅದನ್ನು ಹೇಳಬೇಕು. ಎಲ್ಲರನ್ನೂ ಕೂಡ್ರಿಸಿ, ನೀರು ಕೊಡಿಸಿ, ಕನ್ನಡದಲ್ಲೇ ಮಾತಾಡಿದರು. ನನಗೂ ಮೋಸವಾಗಿದೆ, ದೀಪಾವಳಿ ಅಂದವರು ಅವರು, ಬ್ರಿಟನ್ನನ್ನು ನಂಬಿ ನಾನು ಕೆಟ್ಟೆ ಎಂದು ಕಣ್ಣೊರೆಸಿಕೊಂಡರು. ಕಣ್ಣೀರು ಸುಳ್ಳಲ್ಲವೆಂದು ಶರಣಮ್ಮನೇ ನನಗೆ ಹೇಳಿದ್ದಾಳೆ. ಅವರು ಮುಗಿಸುವವರೆಗೆ ಆಕೆ ನಿಂತೇ ಇದ್ದಳು.

"ಬ್ರಿಟನ್ ನಮ್ಮ ಮುಂದ ಭಂಡಾರ ಎತ್ತಿಲ್ರಿ ಸೇಠ್. ನೀವು ಎತ್ತೀರಿ."

ಸೇಠ್ ಎರಡನೆಯ ಗಡಿಯಾರ ನೋಡಿದರು.

ಗಲ್ಲಿಯಲ್ಲಿ ಯಾರೂ ಶರಣಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಳದ ಹತ್ತಿರ ಆಕೆಯ ಕೊಡಕ್ಕೆ ಮೊದಲು ಜಾಗ ಬಿಡುತ್ತಿದ್ದರು, ಹೊಸಬರಿಗೆ ಬಿಟ್ಟಂತೆ. ಆಕೆ ರಾಂಜಣಗಾಂವಕ್ಕೆ ಹೋಗಿ ಕೇಳಿದಳು. ಅಲ್ಲಿ ಜಾಗ ತುಂಬಿ ಎಷ್ಟೋ ಕಾಲವಾಗಿತ್ತು. ಭೋಸರಿಯ ಗೇಟು ಗೇಟು ತಿರುಗಿ ಮಸಾಲೆ ಕುಟ್ಟುವಲ್ಲಿ, ಬಾಟಲಿ ತೊಳೆಯುವಲ್ಲಿ ಒಬ್ಬೊಬ್ಬರನ್ನೇ ಸೇರಿಸಿದಳು. ಎಲ್ಲರಿಗೂ ಆಗುವವರೆಗೆ ತಾನು ಕೆಲಸ ಹಿಡಿಯಲಿಲ್ಲ. ನಮ್ಮ ಕಾರ್ಖಾನೆಯ ಸ್ಟೋರಿನಲ್ಲಿ ಕಸಗುಡಿಸುವ ಒಂದು ಜಾಗ ಖಾಲಿಯಾದಾಗ ಅದನ್ನೂ ಚಂದಮ್ಮನಿಗೆಂದು ಕೇಳಿ ಪಡೆದಳು. ಚಂದಮ್ಮ ಬರಲಿಲ್ಲ. ಶರಣಮ್ಮ ತೋರಿಸಿದ ಕೆಲಸವೆಂದ ಮೇಲೆ ಬೇಡ ಎಂದು ಬೇರೆಯವರ ಬಾಯಿಂದ ಹೇಳಿಕಳಿಸಿದಳು, ಉಸುಕು ಹೊರಲು ವಾಪಸು ಹೋದಳು. ಮೊದಲು ಇಬ್ಬರೂ ಒಟ್ಟಿಗೆ ಹೊತ್ತ ಕೆಲಸ ಅದು. ತಗಡಿನ ಗೋಡೆಯ ಆಚೆಗೆ ರೊಟ್ಟಿ ಬಡಿಯುವ ಸಪ್ಪಳ ಈಗಲೂ ಕೇಳುತ್ತದೆ. ಮಾತು ಕೇಳುವುದಿಲ್ಲ.

ಕೊನೆಗೊಮ್ಮೆ, ಯಾರೂ ಕಾಯದೆ ಇದ್ದಾಗ, ಸಹಿ ಬಿತ್ತು. ಅದು ದೀಪಾವಳಿಯೂ ಅಲ್ಲ, ಮಳೆಗಾಲ. ಬಾಳಕೃಷ್ಣ ಸೇಠರು ಪೇಢೆಯ ಡಬ್ಬಿ ಹಿಡಿದು ಚಹದಂಗಡಿಗೆ ಬಂದರು. ಅವರ ಹತ್ತಿರ ಈಗ ಕ್ಲ್ಯಾಂಪೂ ಇಲ್ಲ, ಶೆಡ್ಡೂ ಇಲ್ಲ, ಆದರೂ ನಾನು ಹೇಳಿರಲಿಲ್ಲವೇ ಎಂದು ಎಲ್ಲರ ಕೈ ಕುಲುಕಿದರು. ನನ್ನ ಕೈಯಲ್ಲಿ ಎರಡು ಪೇಢೆ ಇಟ್ಟರು.

ಅವರು ಅತ್ತ ಹೋಗುವುದಕ್ಕೂ ಶರಣಮ್ಮ ಇತ್ತ ಬರುವುದಕ್ಕೂ ಸರಿಹೋಯಿತು. ಆಕೆ ಈಗ ಹತ್ತಿರದ ಮೆಸ್ಸೊಂದರಲ್ಲಿ ಜೋಳದ ಭಾಕರಿ ಬಡಿಯುತ್ತಾಳೆ. ಬ್ರಿಟನ್ನಿನ ಸುದ್ದಿ ಕೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ನಾನೇ ಕರೆದು, ಒಂದು ಪೇಢೆ ಬಾಯಲ್ಲಿಟ್ಟುಕೊಂಡು ಇನ್ನೊಂದನ್ನು ಮುಂದೆ ಹಿಡಿದು, ಕರಾರು ಆದ ಸುದ್ದಿ ಹೇಳಿದೆ.

"ಕಡೀಕೂ ಆತು ನೋಡ್ರಿ ಶರಣಮ್ಮ. ಈಗರ ಮನಸ್ಸಿಗಿ ಸಮಾಧಾನ ಆತಿಲ್ಲೋ?"

ಆಕೆ ಪೇಢೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಚಂದಮ್ಮ ಇನ್ನಾ ನನ್ನ ಕೂಡ ಮಾತಾಡವಲ್ಲಳ್ರಿ," ಎಂದಳು. "ಅದೂ ನೀವ ತಿನ್ರಿ."