ಮೇಷ್ಟ್ರ ಮೂರೂವರೆ ನಕ್ಷತ್ರ

ವೈನ್ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ವೈನಿನ ಬಗ್ಗೆ ಗೊತ್ತಿರುವುದು ಇಷ್ಟೇ: ಬಾಟಲಿ ಕೈಜಾರಿದರೆ ಸಂಬಳದಲ್ಲಿ ಹಿಡಿಯುತ್ತಾರೆ. ಗಿರಾಕಿಗಳು ಏನಾದರೂ ಕೇಳಿದರೆ ಫೋನ್ ನೋಡಿ ನಕ್ಷತ್ರ ಎಷ್ಟೆಂದು ಹೇಳಿ ಪಂಡಿತನ ಹಾಗೆ ತಲೆಯಾಡಿಸುತ್ತೇನೆ. ಆ ನಕ್ಷತ್ರಗಳು ಹುಟ್ಟುವುದು ಊರಿನ ವೈನ್‌ಪ್ರಿಯರ ಆನ್‌ಲೈನ್ ಗುಂಪಿನಲ್ಲಿ. ಅಲ್ಲಿ ಮೊದಲ ಅಂಕ ಯಾವಾಗಲೂ ಮೇಷ್ಟ್ರದ್ದು.

ನಿವೃತ್ತ ಗಣಿತದ ಮೇಷ್ಟ್ರು, ಒಂಟಿ ಜೀವ. ಹೊಸ ಬಾಟಲಿ ಬಂತೆಂದರೆ ಮನೆಗೆ ಒಯ್ದು, ಉತ್ತರಪತ್ರಿಕೆಯಲ್ಲಿ ಹೆಸರು ಮುಚ್ಚಿದ ಹಾಗೆ ಲೇಬಲ್ಲಿಗೆ ಕಾಗದ ಸುತ್ತುತ್ತಾರೆ. ಸುತ್ತಿದ್ದು ತಾವೇ ಎಂಬುದನ್ನು ಮರೆತು ಗಂಭೀರವಾಗಿ ರುಚಿ ನೋಡುತ್ತಾರೆ. ಕೈ ಬಹಳ ಬಿಗಿ. ಹೆಚ್ಚಿನವು ಎರಡರಲ್ಲೇ ಪಾಸು.

ಆ ವಾರ ಅವರ ಮುಂದಿದ್ದದ್ದು ನನ್ನ ಅಕ್ಕನ ವೈನ್. ಇದ್ದ ಕೆಲಸ ಬಿಟ್ಟು, ಭಾವನ ಗೊಣಗಾಟ ಕೇಳಿಕೊಂಡು ಅವಳು ಮಾಡಿದ ಮೊದಲ ವೈನ್.

"ಶನಿವಾರ ಸಂಜೆಗೆ ಗುಂಪಲ್ಲಿ ಸರಾಸರಿ ನಾಲ್ಕು ನಕ್ಷತ್ರ ಇರ್ಬೇಕು," ಅಂದಿದ್ದರು ಅಂಗಡಿ ಯಜಮಾನರು. "ಇಲ್ಲಾಂದ್ರೆ ನಿಮ್ಮಕ್ಕನ ಬಾಟಲಿ ನಿಮ್ಮಕ್ಕನ ಮನೇಗೆ."

ಶನಿವಾರ ಮಧ್ಯಾಹ್ನ ಮೇಷ್ಟ್ರು ಮೂರೂವರೆ ಹಾಕಿದರು. ಅದರ ಕೆಳಗೆ ಸಾಲಾಗಿ ಮೂರು, ಮೂರು, ಮತ್ತೆ ಮೂರು. "ಮೇಷ್ಟ್ರು ಹೇಳಿದ್ದು ಸರಿ, ಸಾಧಾರಣ." ಬಿಲ್ ಮಾಡುವವನು ನಾನೇ, ಮೇಷ್ಟ್ರನ್ನು ಬಿಟ್ಟು ಒಬ್ಬರೂ ಆ ಬಾಟಲಿ ಒಯ್ದಿರಲಿಲ್ಲ. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಅವರ ಮನೆಗೆ ಓಡಿದೆ.

"ಸಾರ್, ಅಕ್ಕನ್ನ ಮುಳುಗಿಸಿಬಿಟ್ರಿ."

"ಯಾಕಯ್ಯಾ? ಐದಕ್ಕೆ ಮೂರೂವರೆ. ಎಪ್ಪತ್ತು ಪರ್ಸೆಂಟು. ಡಿಸ್ಟಿಂಕ್ಷನ್ನು."

"ಅಲ್ಲಿ ಅದನ್ನ ಜಸ್ಟ್ ಪಾಸ್ ಅಂತ ಓದ್ತಾರೆ ಸಾರ್. ಇನ್ನೊಂದರ್ಧ ಸೇರಿಸಿ."

ಅವರ ಮುಖ ಬಿಗಿಯಿತು. "ಕೊಟ್ಟ ಅಂಕ ತಿದ್ದೋನಲ್ಲ ನಾನು. ಅಂಕಕ್ಕಾಗಿ ನಿನಗಿಂತ ಚೆನ್ನಾಗಿ ಅಳೋರನ್ನೇ ನೋಡಿದ್ದೀನಿ."

ಅಷ್ಟರಲ್ಲಿ ಯಜಮಾನರ ಫೋನ್. "ಎಲ್ಲಿ ಸತ್ತೆ? ಬಾಟಲಿ ತುಂಬೋಕೆ ರಟ್ಟಿನ ಡಬ್ಬ ತಂದಿಟ್ಟಿದ್ದೀನಿ, ಬಾ."

ಮೇಷ್ಟ್ರಿಗೂ ಅದು ಕೇಳಿಸಿತು. ಅವರು ಕನ್ನಡಕ ಏರಿಸಿ, ಗುಂಪಿನಲ್ಲಿ ಉಳಿದವರು ಬರೆದದ್ದನ್ನು ಮೊದಲ ಸಲ ಓದಿದರು. ಮೂಗಿನಲ್ಲೇ ಏನೋ ಗೊಣಗಿ, ಒಂದೊಂದೇ ಅಕ್ಷರ ಒತ್ತಿದರು: "ಈ ಗುಂಪಿನಲ್ಲಿ ನಾನು ಇದುವರೆಗೆ ಕೊಟ್ಟ ಅತಿ ಹೆಚ್ಚಿನ ಅಂಕ ಇದು. ಉಳಿದವರು ಕುಡಿದು ಬರೆಯಿರಿ."

ನಾನು ಅಂಗಡಿ ಮುಟ್ಟುವಷ್ಟರಲ್ಲಿ ಮೂರು ಕೊಟ್ಟವರೆಲ್ಲ ಅಳಿಸಿ ನಾಲ್ಕೂವರೆ, ಐದು ಮಾಡಿದ್ದರು. "ಮೊದಲ ಗುಟುಕಿಗೇ ಗೊತ್ತಾಗಿತ್ತು," ಎಂದು ಒಬ್ಬ ಮಹಾಶಯ. ಬಾಟಲಿಗಳು ಇದ್ದಲ್ಲೇ ಇದ್ದವು. ಯಜಮಾನರು ಫೋನ್ ನೋಡಿ ಡಬ್ಬವನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದರು. "ನಾಲ್ಕು ದಾಟ್ತು. ಇರ್ಲಿ ಬಿಡು."

ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ನಿಜವಾಗ್ಲೂ ಕುಡಿದೋರು ಎಷ್ಟು ಜನಾನೋ?"

"ಮೇಷ್ಟ್ರು ಒಬ್ರೇ."

"ಅವರ ಮನೆ ತೋರ್ಸು. ಒಂದೂವರೆ ಎಲ್ಲಿ ಕಳೆದ್ರು ಅಂತ ಕೇಳ್ಬೇಕು."

ಮರುದಿನ ಅವರ ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ಕೂತರು.

"ಕೊನೇಲಿ ಒಗರು ಗಂಟಲು ಹಿಡಿಯುತ್ತಮ್ಮ. ಅಲ್ಲಿ ಒಂದು ಹೋಯ್ತು."

ಅಕ್ಕ ಇನ್ನೊಂದು ಗುಟುಕು ಕುಡಿದು, ಒಪ್ಪಿದಳು. "ಇನ್ನರ್ಧ, ಸಾರ್?"

"ಅದನ್ನ ನಾನು ಯಾರಿಗೂ ಕೊಡಲ್ಲ."