ನೀರೊಳಗಿನ ಗಿಡ ಮಲಗಿದ ಮೇಲೆ

ಅಡುಗೆಮನೆಯ ನೆಲದ ಮೇಲೆ ಕೂತು ಮೇಥಿ ಸೊಪ್ಪು ಬಿಡಿಸುತ್ತಿದ್ದೆ. ದೇವರಿಗೆ ದೀಪ ಹಚ್ಚಿಯಾಗಿತ್ತು. ಚಳಿಗಾಲದಲ್ಲಿ ಲೋಧಿ ಕಾಲೋನಿಗೆ ಕತ್ತಲೆ ಬಲು ಅವಸರವಾಗಿ ಬರುತ್ತದೆ. ಮಹಡಿ ಮೇಲಿನ ಮನೆಯವಳು ಶಾಲು ಹೊದ್ದು ಇಳಿದು ಬಂದು, ಬಾಗಿಲಲ್ಲೇ ನಿಂತು ಹೇಳಿದಳು:

"ಅಕ್ಕಾ, ಸಾಮಾನಿನ ಟ್ರಕ್ಕು ಭಾನುವಾರ ಅಲ್ವಂತೆ, ಇವತ್ತು ರಾತ್ರಿಯೇ ಬರತ್ತಂತೆ. ಇವರು ರೈಲು ಟಿಕೆಟ್ಟೂ ಬದಲಾಯಿಸಿಬಿಟ್ರು. ಬೆಳಕು ಹರಿಯೋ ಮುಂಚೆ ಹೊರಡಬೇಕು."

ಅವಳ ಗಂಡನಿಗೆ ಗುವಾಹಟಿಗೆ ವರ್ಗವಾಗಿದ್ದು ನನಗೆ ಗೊತ್ತಿತ್ತು. ಆದರೂ ಭಾನುವಾರದವರೆಗೆ ಅವಳು ಇರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಮಗೆ ಮಕ್ಕಳಿಲ್ಲ. ಯಜಮಾನರು ಆಫೀಸಿಗೆ ಹೋದರೆ ಬರುವುದು ಸಂಜೆಗೇ. ಈ ಹಿಂದಿ ಊರಿನಲ್ಲಿ ಹಗಲು ಹೊತ್ತು ನನ್ನೊಡನೆ ಕನ್ನಡದಲ್ಲಿ ಮಾತಾಡಲು ಇದ್ದವಳು ಅವಳೊಬ್ಬಳೇ. ದೇವರು ಅಷ್ಟನ್ನಾದರೂ ಕೊಟ್ಟಿದ್ದ.

"ಮತ್ತೆ ನನ್ನ ಕಡ್ಡಿ?" ಎಂದಳು.

ಅವಳು ಕೇಳಿದ್ದು ನಮ್ಮ ಮೀನಿನ ತೊಟ್ಟಿಯ ಗಿಡವನ್ನು. ಮನೆ ಬಿಕೋ ಎನ್ನುತ್ತದೆಂದು ಯಜಮಾನರು ತಂದಿಟ್ಟ ಗಾಜಿನ ತೊಟ್ಟಿ ಅದು. ಒಳಗೆ ಎರಡು ಗೋಲ್ಡ್‌ಫಿಶ್, ಜಲ್ಲಿಯಲ್ಲಿ ಊರಿದ ಒಂದು ಕಟ್ಟು ಗಿಡ. ಅಂಗಡಿಯ ಭಯ್ಯಾ ಅದಕ್ಕೆ ಅಂಬೂಲಿಯಾ ಎಂದಿದ್ದ. ಎಲೆ ನೋಡಲು ಸಬ್ಬಸಿಗೆ ಸೊಪ್ಪಿನ ಹಾಗೇ ಇದ್ದುದರಿಂದ ನಾವಿಬ್ಬರೂ ಸಬ್ಬಸಿಗೆ ಎಂದೇ ಕರೆಯುತ್ತಿದ್ದೆವು. ಅದನ್ನು ಬೆಳೆಸಲು ಬೀಜ ಬೇಕಿಲ್ಲ. ತುದಿಯಿಂದ ಗೇಣುದ್ದ ಕತ್ತರಿಸಿ, ಬುಡದ ಎಲೆ ಸವರಿ, ಜಲ್ಲಿಯಲ್ಲಿ ಓರೆಯಾಗಿ ಚುಚ್ಚಿದರೆ ಸಾಕು. ನೆಟ್ಟಗೆ ಚುಚ್ಚಿದರೆ ಬೆಳಗಾಗುವಷ್ಟರಲ್ಲಿ ತೇಲಿರುತ್ತಿತ್ತು. ಮಧ್ಯಾಹ್ನ ಅವಳು ಬಂದು ಕೂತರೆ ನಾನು ಸ್ವೆಟರಿನ ತೋಳು ಮಡಿಸಿ ತೊಟ್ಟಿಯಲ್ಲಿ ಕೈ ಮುಳುಗಿಸುವುದು, ಅವಳು ಗಾಜಿನ ಹೊರಗಿನಿಂದ "ಎಡಕ್ಕೆ ಅಕ್ಕಾ, ಇನ್ನೂ ಎಡಕ್ಕೆ" ಎನ್ನುವುದು, ಹೀಗೇ ಹೊತ್ತು ಹೋಗುತ್ತಿತ್ತು. ಹೋಗುವಾಗ ಅವಳಿಗೊಂದು ಕಡ್ಡಿ ಕೊಡುವುದೆಂದು ಮಾತಾಗಿತ್ತು. ಹೊಸ ಊರಿನಲ್ಲಿ ಗಾಜಿನ ಭರಣಿಯಲ್ಲಿ ಬೆಳೆಸುತ್ತಾಳಂತೆ.

ಆದರೆ ದೀಪ ಹಚ್ಚಿದ ಮೇಲೆ ಗಿಡಕ್ಕೆ ಕೈ ಹಚ್ಚಬಾರದು. ತುಳಸಿ ಇರಲಿ, ಕರಿಬೇವಿರಲಿ, ನಾನು ಇವತ್ತಿನವರೆಗೂ ಹಚ್ಚಿದವಳಲ್ಲ. ಅವಳಿಗೂ ಅದನ್ನೇ ಹೇಳಿದೆ.

ಆಗ ತಾನೇ ಒಳಗೆ ಬಂದ ಯಜಮಾನರು ಮಫ್ಲರ್ ಬಿಚ್ಚುತ್ತಾ ನಕ್ಕರು. "ಟ್ಯೂಬ್‌ಲೈಟಿನಲ್ಲಿ ಬೆಳೆಯೋ ಗಿಡಕ್ಕೆ ಸಂಜೆ ಎಲ್ಲಿಂದ ಬಂತೇ? ಲೈಟ್ ಹಾಕು, ಅದಕ್ಕೆ ಹಗಲಾಗತ್ತೆ."

"ನೀವೇ ಬಂದು ನೋಡಿ," ಎಂದು ಇಬ್ಬರನ್ನೂ ತೊಟ್ಟಿಯ ಬಳಿಗೆ ಕರೆದೆ. ತುದಿಯ ಎಲೆಗಳೆಲ್ಲ ಕೈಮುಗಿದಂತೆ ಒಂದಕ್ಕೊಂದು ಸೇರಿಕೊಂಡಿದ್ದವು. ಸಂಜೆಯಾದರೆ ಅದು ದಿನವೂ ಹಾಗೇ. "ಮಲಗಿರೋದನ್ನ ಹೇಗೆ ಕತ್ತರಿಸಲಿ?"

ಒಂದು ಕಡ್ಡಿಗಾಗಿ ಇಷ್ಟು ಹಟವೇ ಎಂದು ನನಗೇ ಅನಿಸಿತು. ಬೇರೇನಾದರೂ ಕೊಡೋಣವೆಂದರೆ ಅವಳು ಬೇರೇನೂ ಕೇಳಿರಲಿಲ್ಲ. ಬರಿಗೈಯಲ್ಲಿ ಕಳಿಸುವುದು ಹೇಗೆ?

ಅವಳು ಬಗ್ಗಿ ಗಾಜಿಗೆ ಮೂಗು ಒತ್ತಿದಳು. "ಅಕ್ಕಾ, ಅಲ್ಲಿ ಫಿಲ್ಟರ್ ಹಿಂದೆ ಏನದು?"

ಮೀನು ಕಡಿದು ಬಿಟ್ಟಿದ್ದ ಒಂದು ತುಂಡು ಮೇಲೆ ತೇಲುತ್ತಾ ಮೂಲೆಗೆ ಸಿಕ್ಕಿಕೊಂಡಿತ್ತು. ಎಷ್ಟು ದಿನದಿಂದ ಇತ್ತೋ! ಗೆಣ್ಣುಗಳಿಂದ ನೂಲಿನಂಥ ಬಿಳಿ ಬೇರುಗಳು ಇಳಿದಿದ್ದವು.

"ನಿಮ್ಮ ಮೀನಿಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಕತ್ತರಿಸಿ ಇಟ್ಟಿದೆ," ಎಂದು ನಕ್ಕಳು.

ನಾನು ಒಂದು ಕ್ಷಣ ಯೋಚಿಸಿದೆ. ಪಾರಿಜಾತವನ್ನು ನಾವು ಗಿಡದಿಂದ ಕೀಳುವುದಿಲ್ಲ, ತಾನಾಗಿ ಬಿದ್ದದ್ದನ್ನೇ ಆರಿಸಿ ದೇವರಿಗೆ ಏರಿಸುತ್ತೇವೆ. ಬಿದ್ದದ್ದಕ್ಕೆ ದೋಷವಿಲ್ಲ. ಬೊಗಸೆಯಲ್ಲಿ ಅದನ್ನು ಎತ್ತಿ, ಒದ್ದೆ ಮಾಡಿದ ಪೇಪರಿನಲ್ಲಿ ಸುತ್ತಿ, ತಿಂಡಿ ಡಬ್ಬಿಯಲ್ಲಿಟ್ಟು ಕೊಟ್ಟೆ.

"ನಲ್ಲಿ ನೀರು ನೇರವಾಗಿ ಹಾಕಬೇಡ. ಒಂದು ರಾತ್ರಿ ಬಕೆಟ್‌ನಲ್ಲಿ ನಿಲ್ಲಿಸಿ, ಆ ಔಷಧಿ ವಾಸನೆ ಹೋದ ಮೇಲೆ ಹಾಕು."

"ಗೊತ್ತಕ್ಕಾ. ಓರೆಯಾಗಿ ಚುಚ್ಚಬೇಕು. ಅದೂ ಗೊತ್ತು."

ಕುಂಕುಮ ಇಟ್ಟೆ. ಅವಳು ಕಾಲಿಗೆರಗಲು ಬಗ್ಗಿದಳು. "ಸಾಕು ಏಳು, ರೈಲಿನಲ್ಲಿ ಡಬ್ಬಿ ಅಡ್ಡ ಮಲಗಿಸಬೇಡ," ಎಂದುಬಿಟ್ಟೆ.

ಬೆಳಿಗ್ಗೆ ಎದ್ದಾಗ ಟ್ರಕ್ಕೂ ಹೋಗಿತ್ತು, ಅವಳೂ ಹೋಗಿದ್ದಳು. ಮಂಜಿನಲ್ಲಿ ಎದುರಿನ ಬೇವಿನ ಮರವೂ ಕಾಣುತ್ತಿರಲಿಲ್ಲ. ತಲೆಯ ಮೇಲೆ ಯಾರೂ ಓಡಾಡುತ್ತಿರಲಿಲ್ಲ. ಅವಳ ಮಿಕ್ಸಿಯ ಸದ್ದಿಗೆ ನಾನು ಎಷ್ಟು ಸಲ ಗೊಣಗಿದ್ದೆ! ತೊಟ್ಟಿಯ ಲೈಟ್ ಹಾಕಿದೆ. ನೋಡುತ್ತಾ ನಿಂತೆ. ಎಲೆಗಳು ನಿಧಾನವಾಗಿ ಬಿಚ್ಚಿಕೊಂಡವು. ಈಗ ಕತ್ತರಿಸಬಹುದಿತ್ತು, ಎಷ್ಟು ಬೇಕಾದರೂ. ಕೊಡಲು ಯಾರೂ ಇರಲಿಲ್ಲ. ಮೀನು ಗಾಜಿನ ಬಳಿ ಬಂದು ಬಾಯಿ ಬಿಟ್ಟು ಮುಚ್ಚಿ ಮಾಡಿತು. ಅದೂ ದೇವರು ಕೊಟ್ಟ ಜೊತೆಯೇ ಎಂದುಕೊಂಡೆ.

ಬಚ್ಚಲಿನ ನಲ್ಲಿ ಬುಸುಗುಟ್ಟಿತು. ನೀರು ಬಂದಿತ್ತು. ಹೆಚ್ಚು ಹೊತ್ತು ಇರುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಬಕೆಟ್‌ಗಳನ್ನು ತುಂಬಲು ಹೋದೆ.