ಕಂಪ್ಯೂಟರಿನೊಳಗಿನ ತೂಬು

ಏನೇ ಕೆಟ್ಟರೂ ಮೇಲಿನವರನ್ನು ಬೈಯುವುದು ನನ್ನ ಹುಟ್ಟುಗುಣ. ಇದರಲ್ಲಿ ನನ್ನ ತಪ್ಪೇನಿಲ್ಲ. ನಾನು ಬಳಗಾನೂರಿನವಳು, ನಮ್ಮ ಗದ್ದೆ ಕಾಲುವೆಯ ಕೊನೆಗಿದೆ. ನೀರು ಬರಲಿಲ್ಲವೆಂದರೆ ನಮ್ಮಲ್ಲಿ ಯಾರೂ ಸ್ವಂತ ಗದ್ದೆಯ ತೂಬು ತೆರೆದಿದೆಯೇ ಎಂದು ನೋಡುವುದಿಲ್ಲ. ಸೀದಾ ಬೈಕ್ ಹತ್ತಿ ಕಾಲುವೆಗುಂಟ ಹೋಗಿ, ಮೇಲಿನ ಗದ್ದೆಯವರ ಜೊತೆ ಜಗಳ ತೆಗೆದು ಬರುತ್ತೇವೆ. ನೀರು ಬರುತ್ತದೋ ಬಿಡುತ್ತದೋ, ಮನಸ್ಸು ಹಗುರಾಗುತ್ತದೆ.

ಈ ಗುಣ ಹೊತ್ತುಕೊಂಡೇ ಸಿಂಧನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಅಲ್ಲಿ ವರ್ಚುವಲ್ ಮಷೀನ್ ಎಂಬುದೊಂದಿದೆ. ಇರುವ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿದೆಯೆಂದು ನಂಬಿಸುವ ಏರ್ಪಾಡು. ಒಳಗಿನದಕ್ಕೆ ಮೈಯಿಲ್ಲ, ಆದರೂ ತನಗೆಲ್ಲ ಇದೆಯೆಂದು ಅದರ ಭಾವನೆ. ಜಗತ್ತು ಮಾಯೆ ಎಂಬ ಹಿರಿಯರ ಮಾತನ್ನು ನಾನು ಒಪ್ಪಿಕೊಂಡದ್ದು ಇದನ್ನು ನೋಡಿದ ಮೇಲೆಯೇ. ಮಾಯೆಯಾದರೂ ಅದಕ್ಕೆ ನೆಟ್ ಮಾತ್ರ ಖರೇನೇ ಬೇಕು, ಹೊರಗಿನ ಕಂಪ್ಯೂಟರಿನ ಮೂಲಕವೇ ಬರಬೇಕು.

ಮೊನ್ನೆ ಮಧ್ಯಾಹ್ನ ಎರಡಕ್ಕೆ ಪ್ರಾಯೋಗಿಕ ಪರೀಕ್ಷೆ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ನನ್ನ ವಿದ್ಯಾರ್ಥಿನಿ ಶಿಪ್ರಾ ಮೂರು ತಿಂಗಳು ಕೂತು ಮಾಡಿದ ಪ್ರಾಜೆಕ್ಟು ಆ ಒಳಗಿನ ಕಂಪ್ಯೂಟರಿನಲ್ಲೇ ಓಡಬೇಕು. ಹನ್ನೆರಡಕ್ಕೆ ತೆರೆದರೆ ನೆಟ್ ಇಲ್ಲ. ನೆಟ್ ಇಲ್ಲದೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದೆ ಅವಳು ಪಾಸಿಲ್ಲ. ನಾನು ಐಪಿ ವಿಳಾಸ ಬದಲಿಸಿದೆ. ಒಳಗಿನದಕ್ಕೆ ನೆಟ್ ಕೊಡುವ ಬಗೆ ನ್ಯಾಟ್ ಇದ್ದದ್ದನ್ನು ಬ್ರಿಡ್ಜ್ ಮಾಡಿದೆ, ಬ್ರಿಡ್ಜ್ ಮಾಡಿದ್ದನ್ನು ತಿರುಗಿ ನ್ಯಾಟ್ ಮಾಡಿದೆ. ಕೊನೆಗೆ ಕಂಪ್ಯೂಟರನ್ನೇ ಮೂರು ಸಲ ಆರಿಸಿ ಹಚ್ಚಿದೆ. ಇಪ್ಪತ್ತು ವರ್ಷದ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

"ಮೇಡಂ, ಹೊರಗಿನ ಕಂಪ್ಯೂಟರಿಗೆ ನೆಟ್ ಛಲೋ ಬರಾಕತ್ತೈತ್ರಿ" ಎಂದಳು ಶಿಪ್ರಾ, ಮೆಲ್ಲಗೆ. ಬೇರೆ ಯಾರಾದರೂ ಆಗಿದ್ದರೆ ತೊಂದರೆ ಒಳಗೇ ಇದೆಯೆಂದು ತಿಳಿಯುತ್ತಿದ್ದರು. ಕಾಲುವೆಯ ಕೊನೆಯವಳಿಗೆ ಹೊಳೆದದ್ದೇ ಬೇರೆ: ಮೇಲೆ ಕಡಿಮೆ ಬಿಟ್ಟಿದ್ದಾರೆ, ಒಳಗಿನ ತನಕ ಮುಟ್ಟುತ್ತಿಲ್ಲ! ನೆಟ್ ರಿಪೇರಿಯ ಮೌನೇಶನಿಗೆ ಫೋನ್ ಹಚ್ಚಿ ವಾಚಾಮಗೋಚರ ಬೈದೆ. ಪಾಪ, ಮಸ್ಕಿಯಲ್ಲಿ ಊಟಕ್ಕೆ ಕೂತಿದ್ದವನು ಅರ್ಧಕ್ಕೆ ಎದ್ದು ಬೈಕ್ ಹತ್ತಿದ.

ಒಂದೂವರೆಗೆ ಶಿಪ್ರಾ ಸೆಟ್ಟಿಂಗಿನ ಮೂಲೆಯೊಂದರಲ್ಲಿ ಬೆರಳಿಟ್ಟಳು. ಅಲ್ಲಿ 'ಕೇಬಲ್ ಜೋಡಿಸಿದೆ' ಎನ್ನುವ ಪುಟ್ಟ ಚೌಕ. ಇಲ್ಲದ ಯಂತ್ರದ ಇಲ್ಲದ ಕೇಬಲ್ಲು! ಚೌಕದೊಳಗೆ ರೈಟ್ ಗುರುತಿರಲಿಲ್ಲ. ತೆಗೆದವಳು ನಾನೇ. ಹಿಂದಿನ ವಾರದ ಟೆಸ್ಟಿನಲ್ಲಿ ಯಾರೂ ನೆಟ್ ನೋಡಿ ಬರೆಯಬಾರದೆಂದು ಹೊರಗಿನ ನೆಟ್ಟನ್ನೂ ಒಳಗಿನದನ್ನೂ ಮುಚ್ಚಿದ್ದೆ. ಆಮೇಲೆ ಹೊರಗಿನದನ್ನಷ್ಟೇ ತೆರೆದು ಒಳಗಿನದನ್ನು ಮರೆತಿದ್ದೆ.

ಶಿಪ್ರಾ ನಗು ತಡೆದುಕೊಂಡಳು. "ನಮ್ಮಪ್ಪನೂ ಹಿಂಗಽ ರೀ ಮೇಡಂ. ಜಗಳ ಮಾಡಿ ಬಂದಮ್ಯಾಲ ತನ್ನ ತೂಬು ನೋಡ್ತಾನ."

ಗುರುತು ಹಾಕಿದೊಡನೆ ಪ್ರಾಜೆಕ್ಟು ಓಡಿತು. ಅಷ್ಟರಲ್ಲೇ ಮೌನೇಶ ಬೆವರು ಸುರಿಸುತ್ತ ಬಂದು, ಏನಾಗಿತ್ತೆಂದು ಕೇಳಿದ. 'ಈಗಷ್ಟೇ ತಾನಾಗಿ ಬಂತಪ್ಪ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಕಾಲುವೆಯ ಮೇಲೆ ಹಾಗೆನ್ನುವುದೇ ರೂಢಿ. ಆದರೆ ಶಿಪ್ರಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ಹಿಡಿಯಷ್ಟಾದೆ.

"ಮುಚ್ಚಿದಾಕಿ ನಾನಽ ತಮ್ಮಾ. ಸುಮ್ಮನ ನಿನಗ ಬೈದೆ."

ಅವನು ಮುಖ ಒರೆಸಿಕೊಂಡ. "ಇರ್ಲಿ ಬಿಡ್ರಿ. ಹತ್ತು ವರ್ಷಾತು ಈ ಕೆಲಸಕ್ಕ ಹತ್ತಿ, ಹಿಂಗಂದವ್ರು ನೀವಽ ಮೊದಲ್ನೇರು."

ಎರಡಕ್ಕೆ ಶಿಪ್ರಾ ಪರೀಕ್ಷಕರ ಮುಂದೆ ಧೈರ್ಯವಾಗಿ ಕೂತಳು. ನಾನು ಬಿಚ್ಚದೇ ಉಳಿದಿದ್ದ ನನ್ನ ಡಬ್ಬಿ ತೆಗೆದು, ಜೋಳದ ರೊಟ್ಟಿ, ಪುಂಡಿಪಲ್ಯ ಮೌನೇಶನ ಮುಂದಿಟ್ಟೆ. ಗಬಗಬನೆ ತಿಂದ. ಮೇಲಿನವರಿಗೂ ಹಸಿವಾಗುತ್ತದೆಂಬುದು ಐವತ್ತರ ಹತ್ತಿರ ಬಂದ ಮೇಲೆ ನನಗೆ ತಿಳಿಯಿತು.